ಮಳೆ ಪುಸ್ತಕ ಯಾರ ಮೇಜಿನ ಮೇಲಿದೆ?



ಮಳೆಗಾಲಕ್ಕೆ ನಮ್ಮ ಮನೆಗಳಲ್ಲಿ ನಡೆಯುವ ಸಿದ್ಧತೆ ನಿಮಗೆಲ್ಲ ಗೊತ್ತಿರುವುದೇ. ಒಲೆಯ ಮೇಲಿನ ಅಟ್ಟಕ್ಕೆ ಸೌದೆ ಏರುತ್ತದೆ. ಸೋರುವ ಹೆಂಚಿನ ಸಂದಿಗೆ ಪ್ಲಾಸ್ಟಿಕ್ ಹಾಳೆ ತುರುಕುತ್ತೇವೆ. ಜಿಗಣೆಗೆ ಹೊಗೆಸೊಪ್ಪು, ಸುಣ್ಣ ಕಟ್ಟಿಡುತ್ತೇವೆ. ಮಕ್ಕಳಿಗೆ ಕೊಡೆ, ನಮಗೆ ಕಂಬಳಿ. ಇಷ್ಟಾದರೆ ಮಳೆಗಾಲಕ್ಕೆ ನಾವು ತಯಾರು ಎಂದು ನಮ್ಮ ಅಜ್ಜ ಅಜ್ಜಿಯರ ಕಾಲದಿಂದ ತಿಳಿದುಕೊಂಡು ಬಂದಿದ್ದೇವೆ. ಆದರೆ ಕಳೆದ ಕೆಲವು ವರ್ಷಗಳಲ್ಲಿ ನಮ್ಮ ಬೆಟ್ಟಗಳಲ್ಲಿ ಆದುದನ್ನು ಕಂಡ ಮೇಲೆ ಇಷ್ಟು ಸಾಲದು ಎಂದು ಹೇಳುವುದು ನಮ್ಮ ಕರ್ತವ್ಯವಾಗಿದೆ.

2019ರ ಆಗಸ್ಟ್ 8ರಂದು ವಯನಾಡಿನ ಪುತ್ತುಮಲೆಯಲ್ಲಿ ಬೆಟ್ಟ ಜಾರಿತು. 17 ಮಂದಿ ಹೋದರು. ಅದೇ ದಿನಗಳಲ್ಲಿ ನೀಲಗಿರಿಯ ಅವಲಾಂಚಿಯಲ್ಲಿ ಒಂದೇ ದಿನಕ್ಕೆ 80 ಸೆಂಟಿಮೀಟರಿಗೂ ಮೀರಿ ಮಳೆ ಬಿತ್ತು. ಮರುವರ್ಷ, 2020ರ ಆಗಸ್ಟ್ 6ರ ರಾತ್ರಿ, ಮೂನ್ನಾರಿನ ಬಳಿಯ ಪೆಟ್ಟಿಮುಡಿಯಲ್ಲಿ ಚಹಾ ತೋಟದ ಲಯಗಳ ಮೇಲೆ ಮಣ್ಣು ಬಂದು 70 ಮಂದಿ ಮಡಿದರು. ಹೆಚ್ಚಿನವರು ನಮ್ಮ ಹಾಗೆಯೇ ಎಲೆ ಕಿತ್ತು ಬಂದು, ಗಂಜಿ ಕುಡಿದು ಮಲಗಿದವರು. ಕರೆಂಟೂ ಇಲ್ಲ, ಫೋನೂ ಇಲ್ಲ. ಸುದ್ದಿ ಹೊರಗೆ ಮುಟ್ಟಿದ್ದು ಬೆಳಗಾದ ಮೇಲೆ. ಅದೇ ವಾರ ಕೊಡಗಿನ ತಲಕಾವೇರಿಯಲ್ಲಿಯೂ ಬೆಟ್ಟ ಕುಸಿಯಿತು. ಆಮೇಲೆ 2024ರ ಜುಲೈ 30ರ ನಸುಕು. ಮುಂಡಕೈ ಮತ್ತು ಚೂರಲ್‌ಮಲೆ. 250ಕ್ಕೂ ಹೆಚ್ಚು ಜನ. ಆ ಹೆಣಗಳಲ್ಲಿ ಎಷ್ಟೋ ಚಾಲಿಯಾರ್ ನದಿಯಲ್ಲಿ ತೇಲಿ ನಿಲಂಬೂರಿನ ಕಡೆ ಸಿಕ್ಕಿದವು. ಇದನ್ನು ಓದುವವರಲ್ಲಿ ಆ ಊರಿನಲ್ಲಿ ನೆಂಟರನ್ನೋ, ಸಂಗಡ ದುಡಿದವರನ್ನೋ ಕಳೆದುಕೊಂಡವರು ಇದ್ದಾರೆ. ಅವರ ಗಾಯವನ್ನು ಕೆದಕಲು ನಾವು ಬರೆಯುತ್ತಿಲ್ಲ. ಇನ್ನೊಂದು ಪಾಡಿಗೆ ಆ ಗತಿ ಬರಬಾರದೆಂದು ಬರೆಯುತ್ತಿದ್ದೇವೆ.

ಮೊದಲು ನಮ್ಮ ತಪ್ಪನ್ನು ಒಪ್ಪಿಕೊಳ್ಳುತ್ತೇವೆ. ಪುತ್ತುಮಲೆಯ ದುರಂತದ ಮುಂದಿನ ಭಾನುವಾರ ಪಾಡಿಯ ಪ್ರಾರ್ಥನಾ ಕೂಟದಲ್ಲಿ ನಾವು ಎದ್ದು ನಿಂತು, ಇದು ದೇವರ ಚಿತ್ತ, ನಾವು ತಲೆಬಾಗಬೇಕು ಎಂದು ಹೇಳಿದೆವು. ಕೂಟ ಮುಗಿದ ಮೇಲೆ ಎಲೆ ಕೀಳುವ ಒಬ್ಬ ಹಿರಿಯ ತಾಯಿ ಬಾಗಿಲ ಬಳಿ ನಿಂತು ಕೇಳಿದರು: "ಉಪದೇಶಿಯವರೇ, ದೇವರ ಚಿತ್ತ ಯಾವಾಗಲೂ ಪಾಡಿಗೇ ಯಾಕೆ ಬರ್ತದೆ? ಬಂಗಲೆಗೆ ಯಾಕೆ ಬರೂದಿಲ್ಲ?" ನಮ್ಮಲ್ಲಿ ಉತ್ತರ ಇರಲಿಲ್ಲ. ಅಂದಿನಿಂದ ಆ ಪ್ರಶ್ನೆ ನಮ್ಮನ್ನು ಬಿಟ್ಟಿಲ್ಲ.

ಆ ತಾಯಿಯ ಪ್ರಶ್ನೆಗೆ ಭೂಗರ್ಭ ಶಾಸ್ತ್ರದಲ್ಲಿ ಸರಳವಾದ ಉತ್ತರವಿದೆ. ನಮ್ಮ ಬೆಟ್ಟಗಳಲ್ಲಿ ಅಡಿಯಲ್ಲಿ ಬಂಡೆ, ಮೇಲೆ ಮಣ್ಣು. ಮಳೆ ಬಿದ್ದಾಗ ನೀರು ಮಣ್ಣಿನ ಕಣ ಕಣಗಳ ನಡುವೆ ತುಂಬುತ್ತದೆ. ಒಂದೆರಡು ದಿನದ ಮಳೆಯನ್ನು ಮಣ್ಣು ಕುಡಿಯುತ್ತದೆ. ಅದಕ್ಕೂ ಮೀರಿ ಸುರಿದರೆ ಮಣ್ಣಿನ ಭಾರ ಹೆಚ್ಚುತ್ತದೆ, ಬಂಡೆಯ ಮೇಲಿನ ಹಿಡಿತ ಸಡಿಲವಾಗುತ್ತದೆ. ಒಂದು ಗಳಿಗೆಯಲ್ಲಿ ಇಡೀ ಇಳಿಜಾರು ಕಳಚಿಕೊಂಡು ಹಳ್ಳದ ದಾರಿ ಹಿಡಿಯುತ್ತದೆ. ಮುಂಡಕೈಯಲ್ಲಿ ಮಣ್ಣು ಕಳಚಿದ ಜಾಗ ಸಮುದ್ರಮಟ್ಟದಿಂದ ಸುಮಾರು 1,550 ಮೀಟರ್ ಎತ್ತರದಲ್ಲಿದೆ ಎಂದೂ, ಅಲ್ಲಿಂದ ಮಣ್ಣು ಬಂಡೆ ಮರಗಳೆಲ್ಲ ಸೇರಿ ಸುಮಾರು 8 ಕಿಲೋಮೀಟರ್ ದೂರ ಹರಿದು ಬಂತೆಂದೂ ಇಸ್ರೋದ ಉಪಗ್ರಹ ಚಿತ್ರಗಳು ತೋರಿಸಿದವು. ಅಂದರೆ ಸತ್ತವರು ಕುಸಿದ ಜಾಗದಲ್ಲಿ ಇದ್ದವರಲ್ಲ. ಎಷ್ಟೋ ಕೆಳಗೆ, ಹಳ್ಳದ ಪಕ್ಕದಲ್ಲಿ ಮಲಗಿದ್ದವರು.

ಈಗ ನಿಮ್ಮ ತೋಟವನ್ನು ನೆನೆದು ನೋಡಿರಿ. ಬಂಗಲೆ ಎಲ್ಲಿದೆ? ಗುಡ್ಡದ ನೆತ್ತಿಯ ಮೇಲೆ, ನಾಲ್ಕು ಕಡೆ ಕಾಣುವ ಹಾಗೆ. ಪಾಡಿ ಎಲ್ಲಿದೆ? ಹಳ್ಳದ ಬಳಿ, ನೀರು ಹೊರುವುದು ಸುಲಭವಾಗಲೆಂದು, ಚಹಾ ಕಾಫಿ ಗಿಡಕ್ಕೆ ಒಳ್ಳೆಯ ಜಾಗ ಹಾಳಾಗದಿರಲೆಂದು. ಬಿಳಿ ದೊರೆಗಳು ಹಾಕಿದ ಗೆರೆಯ ಮೇಲೆ ಇಂದಿಗೂ ನಮ್ಮ ಮಕ್ಕಳು ಮಲಗುತ್ತಾರೆ. ಆ ಗೆರೆಯನ್ನು ಹಾಕಿದ್ದು ಮನುಷ್ಯ. ಅದನ್ನು ದೇವರ ಲೆಕ್ಕಕ್ಕೆ ಬರೆಯುವುದು ಪಾಪವೆಂದು ನಾವು ಈಗ ತಿಳಿದಿದ್ದೇವೆ. ಸಿಲೋವದಲ್ಲಿ ಗೋಪುರ ಬಿದ್ದು ಸತ್ತ ಹದಿನೆಂಟು ಮಂದಿ ಮಿಕ್ಕವರಿಗಿಂತ ದೊಡ್ಡ ಪಾಪಿಗಳೇನಲ್ಲ ಎಂದು ಯೇಸುಸ್ವಾಮಿಯೇ ಸ್ಪಷ್ಟ ಮಾಡಿದರು. ಅದನ್ನು ಅಷ್ಟು ವರ್ಷ ಓದಿಯೂ ನಮ್ಮ ಕಿವಿಗೆ ಹೋಗಿರಲಿಲ್ಲ.

ಮಳೆಯ ರೀತಿ ಬದಲಾಗಿದೆಯೆಂದು ನಮ್ಮ ಹಿರಿಯರು ಹೇಳುತ್ತಾರಲ್ಲ, ಅದು ಬರೀ ಹಳಬರ ಗೊಣಗಾಟವೇ? ಅಲ್ಲ. ಗಾಳಿ ಒಂದು ಡಿಗ್ರಿ ಬಿಸಿಯಾದರೆ ಅದು ಸುಮಾರು 7 ಶತಾಂಶ ಹೆಚ್ಚು ನೀರಾವಿಯನ್ನು ಹೊರಬಲ್ಲದು. ಅರಬ್ಬೀ ಸಮುದ್ರ ಬಿಸಿಯೇರುತ್ತಿದೆ. ಅದರ ಮೇಲೆ ಬರುವ ಮೋಡಗಳು ಮೊದಲಿಗಿಂತ ಎತ್ತರಕ್ಕೆ ಬೆಳೆದು, ತಿಂಗಳಿಡೀ ಸುರಿಯಬೇಕಾದುದನ್ನು ಎರಡು ದಿನದಲ್ಲಿ ಸುರಿಯುತ್ತಿವೆ. ಮುಂಡಕೈ ದುರಂತದ ಎರಡು ವಾರದಲ್ಲಿಯೇ, ಭಾರತವೂ ಸೇರಿ ಕೆಲವು ದೇಶಗಳ ವಿಜ್ಞಾನಿಗಳ ತಂಡವೊಂದು ಲೆಕ್ಕ ಹಾಕಿ, ಮನುಷ್ಯನು ಭೂಮಿಯನ್ನು ಬಿಸಿ ಮಾಡಿದ ಕಾರಣ ಆ ದಿನದ ಮಳೆ ಸುಮಾರು 10 ಶತಾಂಶ ಹೆಚ್ಚಾಗಿತ್ತೆಂದು ಹೇಳಿತು. ಬೆಟ್ಟದ ನಾಡಿನಲ್ಲಿ ಈ ಲೆಕ್ಕದಲ್ಲಿ ಅನಿಶ್ಚಯ ಹೆಚ್ಚೆಂದು ಅವರೇ ಒಪ್ಪಿಕೊಂಡರು. ಹಾಗೆ ಒಪ್ಪಿಕೊಳ್ಳುವುದು ಪ್ರಾಮಾಣಿಕತೆಯ ಗುರುತು. ಇನ್ನೊಂದು ಅಧ್ಯಯನದ ಪ್ರಕಾರ 1950ರಿಂದ 2018ರ ವರೆಗೆ ವಯನಾಡಿನ ಕಾಡಿನಲ್ಲಿ 62 ಶತಾಂಶ ಹೋಗಿತ್ತು. ಆಳಕ್ಕೆ ಬೇರು ಬಿಟ್ಟು ಮಣ್ಣು ಹಿಡಿಯುತ್ತಿದ್ದ ಮರಗಳು ಹೋದವು. ತೋಟ ಬಂತು, ರಸ್ತೆ ಬಂತು, ಕಲ್ಲು ಕ್ವಾರಿ ಬಂತು, ರೆಸಾರ್ಟ್ ಬಂತು. ಮರ ಕಡಿಯಲು ಅಪ್ಪಣೆ ಕೊಟ್ಟವರು ನಾವಲ್ಲ. ಕಡಿದ ಕೂಲಿಗಳು ಮಾತ್ರ ನಾವೇ.

ಪಟ್ಟಣದಲ್ಲಿ ಇಂಥ ಸಂಶೋಧನೆ ಏನು ಮಾಡಿತು ಎಂಬ ಒಂದು ಉದಾಹರಣೆ ಹೇಳುತ್ತೇವೆ. 2010ರ ಮೇ ತಿಂಗಳಲ್ಲಿ ಗುಜರಾತಿನ ಅಹಮದಾಬಾದಿನಲ್ಲಿ ಬಿಸಿಲು 46 ಡಿಗ್ರಿಗೂ ಮೇಲೇರಿತು. ವಿಜ್ಞಾನಿಗಳು ನಗರಸಭೆಯ ಮರಣದ ಪುಸ್ತಕಗಳನ್ನು ತೆರೆದು ಎಣಿಸಿದರು. ಹಿಂದಿನ ವರ್ಷಗಳಿಗಿಂತ ಆ ಒಂದು ತಿಂಗಳಲ್ಲಿ 1,344 ಮಂದಿ ಹೆಚ್ಚು ಸತ್ತಿದ್ದರು. ಆ ಎಣಿಕೆ ಕೈಗೆ ಬಂದ ಮೇಲೆ ನಗರಸಭೆ ಸುಮ್ಮನಿರಲಾಗಲಿಲ್ಲ. 2013ರಲ್ಲಿ ಬಿಸಿಲಿನ ಅಪಾಯಕ್ಕೆ ಒಂದು ಯೋಜನೆ ಮಾಡಿತು. ಬಿಸಿಲು ಇಷ್ಟು ಡಿಗ್ರಿ ಮುಟ್ಟಿದರೆ ಇಂಥ ಬಣ್ಣದ ಎಚ್ಚರಿಕೆ. ಆಗ ಆಸ್ಪತ್ರೆಯವರು ಇದನ್ನು ಮಾಡಬೇಕು, ಬೀದಿಯಲ್ಲಿ ನೀರು ಇಡಬೇಕು, ಕಟ್ಟಡ ಕೆಲಸದವರಿಗೆ ಮಧ್ಯಾಹ್ನ ಬಿಡುವು ಕೊಡಬೇಕು ಎಂದು ಒಬ್ಬೊಬ್ಬರ ಕೆಲಸವನ್ನು ಬರೆದಿಟ್ಟಿತು. ಅನಂತರದ ಅಧ್ಯಯನ, ವರ್ಷಕ್ಕೆ ಸಾವಿರಕ್ಕೂ ಹೆಚ್ಚು ಸಾವು ತಪ್ಪಿದೆಯೆಂದು ಅಂದಾಜು ಮಾಡಿತು. ಎಣಿಕೆ ಬಂತು, ಎಣಿಕೆಯಿಂದ ಯೋಜನೆ ಬಂತು, ಯೋಜನೆಯಿಂದ ಜೀವ ಉಳಿಯಿತು. ತಿರುಪ್ಪೂರು, ಕೊಯಮತ್ತೂರು, ಬೆಂಗಳೂರಿಗೆ ದುಡಿಯಲು ಹೋಗಿರುವ ನಮ್ಮ ಮಕ್ಕಳಿಗೂ ಇಂಥ ಯೋಜನೆ ಬೇಕು. ಆದರೆ ಹಳ್ಳಿಗೆ, ತೋಟಕ್ಕೆ ಇದು ಬರುವುದು ನಿಧಾನ. ಪಟ್ಟಣದಲ್ಲಿ ಎಣಿಸುವವರು ಇದ್ದಾರೆ. ಇಲ್ಲಿ ಎಣಿಸುವವರು ಕಡಿಮೆ.

ಕಡಿಮೆ, ಆದರೆ ಇಲ್ಲವೇ ಇಲ್ಲ ಎಂದಲ್ಲ. ಕಲ್ಪೆಟ್ಟದಲ್ಲಿರುವ ಹ್ಯೂಮ್ ಸೆಂಟರ್ ಎಂಬ ಸಂಸ್ಥೆ ವಯನಾಡಿನಾದ್ಯಂತ 200ಕ್ಕೂ ಹೆಚ್ಚು ಮಳೆಮಾಪಕಗಳಿಂದ ದಿನದಿನದ ಅಳತೆ ಕೂಡಿಸುತ್ತಿದೆ. ಅಳೆಯುವವರಲ್ಲಿ ಎಷ್ಟೋ ಮಂದಿ ಸಾಮಾನ್ಯ ರೈತರು, ಊರಿನವರು. ಎರಡು ಮೂರು ದಿನಗಳಲ್ಲಿ 600 ಮಿಲಿಮೀಟರಿನ ಹತ್ತಿರ ಮಳೆ ಬಿದ್ದರೆ ಕಡಿದಾದ ಇಳಿಜಾರು ನಿಲ್ಲದು ಎಂಬುದು ಅವರು ಅನುಭವದಿಂದ ಕಂಡುಕೊಂಡ ಲೆಕ್ಕ. 2020ರಲ್ಲಿ ಮುಂಡಕೈಯ ಮೇಲ್ಭಾಗದಲ್ಲಿ ಹೀಗೆ ಮಳೆ ಏರಿದಾಗ ಅವರು ತಿಳಿಸಿದರು. ಜನರನ್ನು ಮುಂಚಿತವಾಗಿ ಕರೆದೊಯ್ಯಲಾಯಿತು. ಬೆಟ್ಟ ಜಾರಿತು, ಆದರೆ ಜೀವ ಹೋಗಲಿಲ್ಲ. 2024ರ ಜುಲೈ 29ರಂದೂ ಹಾಗೆಯೇ ಅಳತೆ ಏರಿತು. ಹತ್ತಿರದ ಮಾಪಕದಲ್ಲಿ ಎರಡು ದಿನಕ್ಕೆ 572 ಮಿಲಿಮೀಟರ್. ಬೆಳಿಗ್ಗೆಯೇ ಎಚ್ಚರಿಕೆ ಹೊರಟಿತ್ತು. ಕೆಲವರು ಎದ್ದು ಹೋದರು, ಉಳಿದುಕೊಂಡರು. ಹಲವರಿಗೆ ಮಾತು ಮುಟ್ಟಲಿಲ್ಲ. ಮುಟ್ಟಿದ ಕೆಲವರು ಹೊರಡಲಿಲ್ಲ. ಆ ರಾತ್ರಿಗೆ 11 ದಿನ ಮೊದಲು, ಜುಲೈ 19ರಂದು, ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣೆಯವರು ಕೊಲ್ಕತ್ತದಲ್ಲಿ ಭೂಕುಸಿತದ ಮುನ್ಸೂಚನೆಗೆಂದೇ ಒಂದು ಕೇಂದ್ರ ತೆರೆದಿದ್ದರು. ಮೊದಲು ಮುನ್ಸೂಚನೆ ಕೊಡಲಾರಂಭಿಸಿದ ಜಿಲ್ಲೆಗಳಲ್ಲಿ ನಮ್ಮ ನೀಲಗಿರಿಯೂ ಒಂದು.

ಆದುದರಿಂದ ತಿಳಿವಳಿಕೆ ಇಲ್ಲವೆಂಬುದು ನಮ್ಮ ದೂರಲ್ಲ. ತಿಳಿವಳಿಕೆ ಇದೆ. ಅದು ಜಿಲ್ಲಾ ಕಚೇರಿಯಿಂದ ಪಾಡಿಯ ಬಾಗಿಲಿಗೆ ಇಳಿದು ಬರುವ ದಾರಿಯಲ್ಲಿ ನಿಂತುಹೋಗುತ್ತಿದೆ. ಯೆಹೆಜ್ಕೇಲ ಪ್ರವಾದಿಯ ಗ್ರಂಥದಲ್ಲಿ ಕಾವಲುಗಾರನ ಮಾತು ಬರುತ್ತದೆ. ಅಪಾಯ ಬರುವುದನ್ನು ಕಂಡೂ ಕೊಂಬೂದದವನು ಸತ್ತವರ ರಕ್ತಕ್ಕೆ ಉತ್ತರ ಕೊಡಬೇಕೆಂದು ಅಲ್ಲಿ ತಿಳಿಸಿದೆ. ನಮ್ಮ ಕಾಲದಲ್ಲಿ ಕಾವಲುಗಾರ ಕಂಡಿದ್ದಾನೆ, ಊದಿಯೂ ಇದ್ದಾನೆ. ಆದರೆ ಕೊಂಬಿನ ಸದ್ದು ಕಂಪ್ಯೂಟರಿನೊಳಗೆ, ಇಂಗ್ಲಿಷಿನಲ್ಲಿ, ಆಫೀಸು ಮುಚ್ಚಿದ ಮೇಲೆ ಬಂದರೆ ಎಲೆ ಕೀಳುವ ಹೆಣ್ಣುಮಗಳಿಗೆ ಕೇಳಿಸುವುದು ಹೇಗೆ?

ಇನ್ನೊಂದು ವಿಷಯವಿದೆ. ಹೆಚ್ಚಿನ ಹಳೆಯ ತೋಟಗಳಲ್ಲಿ ಆಫೀಸಿನ ಹಿಂದೆ ಒಂದು ಮಳೆಮಾಪಕವಿದೆ. ದಿನಾ ಬೆಳಿಗ್ಗೆ ರೈಟರು ಅದನ್ನು ಅಳೆದು ಇಂಚು, ಸೆಂಟಿನ ಲೆಕ್ಕದಲ್ಲಿ ಮಳೆ ಪುಸ್ತಕಕ್ಕೆ ಬರೆಯುತ್ತಾರೆ. ಹೂಮಳೆ ಎಷ್ಟು ಬಿತ್ತು, ಗೊಬ್ಬರ ಯಾವಾಗ ಹಾಕಬೇಕು, ಔಷಧಿ ಯಾವಾಗ ಹೊಡೆಯಬೇಕು ಎಂದು ದೊರೆಗಳು ಆ ಪುಸ್ತಕ ನೋಡಿ ತೀರ್ಮಾನ ಮಾಡುತ್ತಾರೆ. ಗಿಡಕ್ಕಾಗಿ ತಲೆಮಾರುಗಳಿಂದ ಮಳೆ ಎಣಿಸಿದ್ದಾರೆ. ಆ ಎಣಿಕೆಯನ್ನು ಒಮ್ಮೆಯಾದರೂ ಪಾಡಿಯ ಜನರ ಮುಂದೆ ಓದಿದ್ದುಂಟೇ? ನಾವು ನಮ್ಮ ಕಡೆಯ ತೋಟಗಳಲ್ಲಿ ಕೇಳಿದೆವು. ಓದಿದ್ದನ್ನು ಕಂಡವರು ಸಿಗಲಿಲ್ಲ. ಒಂದು ತೋಟದಲ್ಲಿ ನಮ್ಮ ಸಂಘದ ಹುಡುಗ ಹೋಗಿ, "ಸಾರ್, ನಿನ್ನೆ ಎಷ್ಟು ಬಿತ್ತು ಅಂತ ಹೇಳ್ತೀರಾ?" ಎಂದು ಕೇಳಿದ್ದಕ್ಕೆ, "ನಿನಗ್ಯಾಕೆ ಅದು, ಕೆಲಸಕ್ಕೆ ಹೋಗು" ಎಂಬ ಉತ್ತರ ಬಂತು. ಅವನಿಗೆ ಅದು ಯಾಕೆ ಬೇಕೆಂದರೆ ಅವನ ಮನೆಯ ಹಿಂದಿನ ಗೋಡೆಗೂ ಹಳ್ಳಕ್ಕೂ ಎಂಟು ಮಾರಿನ ಅಂತರ.

ಹಾಗಾದರೆ ಎಚ್ಚರಿಕೆ ಬಂದರೂ ಕೆಲವರು ಮನೆ ಬಿಟ್ಟು ಹೋಗುವುದಿಲ್ಲವೇಕೆ? ಪತ್ರಿಕೆಗಳಲ್ಲಿ ಇದಕ್ಕೆ ಜನರ ಅಜ್ಞಾನವೆಂದು ಬರೆಯುತ್ತಾರೆ. ನಾವು ಪಾಡಿಯಲ್ಲಿ ಕೂತು ಕೇಳಿದರೆ ಸಿಗುವ ಉತ್ತರವೇ ಬೇರೆ. ಹೋದರೆ ಮರುದಿನ ಹಾಜರಿ ತಪ್ಪುತ್ತದೆ. ಹಸುವನ್ನು ಯಾರು ನೋಡಿಕೊಳ್ಳುವುದು? ಹಾಸಿಗೆ ಹಿಡಿದ ಅಪ್ಪನನ್ನು ಹೊತ್ತುಕೊಂಡು ಹೋಗುವುದು ಎಲ್ಲಿಗೆ? ಶಾಲೆಯ ಬೀಗ ಯಾರ ಹತ್ತಿರ ಇದೆ? ಹೋದ ಸಲ ಹೋದೆವು, ಏನೂ ಆಗಲಿಲ್ಲ, ಮೂರು ದಿನದ ಕೂಲಿ ಹೋಯಿತು. ಇವು ಅಜ್ಞಾನದ ಮಾತುಗಳಲ್ಲ, ಲೆಕ್ಕದ ಮಾತುಗಳು. ಮೂರು ದಿನದ ಕೂಲಿಯನ್ನು ಯಾರಾದರೂ ಕಟ್ಟಿಕೊಟ್ಟರೆ ಈ ಲೆಕ್ಕ ತಾನೇ ಬದಲಾಗುತ್ತದೆ.

ಇಲ್ಲಿ ಕಾನೂನಿನ ಮಾತು ಬರುತ್ತದೆ. ದಯಮಾಡಿ ಗಮನವಿಟ್ಟು ಓದಿರಿ. 1951ರ ತೋಟ ಕಾರ್ಮಿಕರ ಕಾಯಿದೆ ಮನೆ ಕೊಡುವ ಹೊಣೆಯನ್ನು ಮಾಲೀಕರ ಮೇಲೆ ಹೊರಿಸಿತ್ತು. 1981ರಲ್ಲಿ ಅದಕ್ಕೆ ತಿದ್ದುಪಡಿ ತಂದು, ತೋಟ ಕೊಟ್ಟ ಮನೆ ಕುಸಿದು ಕಾರ್ಮಿಕನೋ ಅವನ ಮನೆಯವರೋ ಸತ್ತರೆ, ಗಾಯಗೊಂಡರೆ, ಮಾಲೀಕ ಪರಿಹಾರ ಕೊಡಬೇಕೆಂದು ಸೇರಿಸಿದರು. ಆದರೆ ಅದರಲ್ಲಿ ಒಂದು ಕಿಂಡಿ ಇಟ್ಟರು. ಕುಸಿತಕ್ಕೆ ಕೇವಲ ಮತ್ತು ನೇರವಾಗಿ ಮನೆಯಲ್ಲಿದ್ದವರ ತಪ್ಪೋ ಪ್ರಕೃತಿ ವಿಕೋಪವೋ ಕಾರಣವಾಗಿದ್ದರೆ ಮಾಲೀಕನಿಗೆ ಹೊಣೆಯಿಲ್ಲ. ಆ ಕಾಯಿದೆಯ ಬದಲಿಗೆ 2025ರ ನವೆಂಬರ್ 21ರಿಂದ ಹೊಸ ಕಾರ್ಮಿಕ ಸಂಹಿತೆಗಳು ಜಾರಿಗೆ ಬಂದಿವೆ. ಮನೆ ಕುಸಿದರೆ ಪರಿಹಾರ ಎಂಬ ನಿಯಮವೂ, ಅದರ ಕಿಂಡಿಯೂ, ಸಾಮಾಜಿಕ ಭದ್ರತಾ ಸಂಹಿತೆಯ 75ನೆಯ ಕಲಮಿನಲ್ಲಿ ಹಾಗೆಯೇ ಕೂತಿವೆ.

ಬೆಟ್ಟ ಜಾರಿದಾಗ ಮಾಲೀಕರು ಹಿಡಿಯುವುದು ಈ ಕಿಂಡಿಯನ್ನೇ. ಪ್ರಕೃತಿ ಮುನಿಯಿತು, ನಾವೇನು ಮಾಡೋಣ ಎನ್ನುತ್ತಾರೆ. ನಾವು ಹಿಡಿಯಬೇಕಾದುದು ಅದೇ ಕಲಮಿನ "ಕೇವಲ" ಎಂಬ ಪದವನ್ನು. ಹಳ್ಳದ ದಂಡೆಯಲ್ಲಿ ಮನೆ ಕಟ್ಟಿದವರು ಯಾರು? ಹಿಂದಿನ ಗೋಡೆ ಬಿರಿದಿದೆಯೆಂದು ಹೇಳಿದಾಗ ಸುಮ್ಮನಿದ್ದವರು ಯಾರು? ಮೇಲಿನ ಚರಂಡಿ ಕಟ್ಟಿಕೊಂಡಾಗ ತೆಗೆಸದವರು ಯಾರು? ಮಳೆ ಪುಸ್ತಕದಲ್ಲಿ ಎರಡು ದಿನಕ್ಕೆ ಇಪ್ಪತ್ತು ಇಂಚು ಬರೆದೂ ಪಾಡಿಯವರಿಗೆ ತಿಳಿಸದವರು ಯಾರು? ಈ ಪ್ರಶ್ನೆಗಳಿಗೆ ಉತ್ತರವಿದ್ದರೆ ಕಾರಣ ಕೇವಲ ಮಳೆಯಲ್ಲ. ವಿಜ್ಞಾನ ಮೊದಲೇ ಬೆರಳು ತೋರಿಸಿದ ಅಪಾಯವನ್ನು ಆಕಸ್ಮಿಕವೆಂದು ಕರೆಯುವುದು ವರ್ಷದಿಂದ ವರ್ಷಕ್ಕೆ ಕಷ್ಟವಾಗುತ್ತದೆ, ಆಗಲೇಬೇಕು. ಇದನ್ನು ವಕೀಲರೊಂದಿಗೆ ಕೂತು ವಿಚಾರಿಸಬೇಕು. ಆದರೆ ವಕೀಲರಿಗೂ ಕಾಗದ ಬೇಕು. ಬಾಯಿಮಾತಿನ ದೂರು ಮಣ್ಣಿನೊಂದಿಗೆ ಹೋಗುತ್ತದೆ. ತಾರೀಖು ಹಾಕಿದ ಅರ್ಜಿಯ ನಕಲು ಉಳಿಯುತ್ತದೆ.

ಹೊಸ ಮನೆ ಕಟ್ಟುವವನು ಮಾಳಿಗೆಯ ಸುತ್ತ ಕೈಪಿಡಿಗೋಡೆ ಕಟ್ಟಿಸಬೇಕು, ಕಟ್ಟಿಸದೆ ಯಾರಾದರೂ ಬಿದ್ದು ಸತ್ತರೆ ಆ ದೋಷ ಮನೆಯ ಮೇಲೆ ಬರುವುದು ಎಂಬ ಅರ್ಥದ ನಿಯಮ ಧರ್ಮೋಪದೇಶಕಾಂಡದಲ್ಲಿದೆ. ಸಾವಿರಾರು ವರ್ಷಗಳಷ್ಟು ಹಳೆಯ ಆ ನ್ಯಾಯವನ್ನೇ ನಾವು ಕೇಳುತ್ತಿದ್ದೇವೆ. ಹೊಸದೇನೂ ಅಲ್ಲ.

ಈ ಮಳೆಗಾಲದೊಳಗೆ ಆಗಬೇಕಾದ ಕೆಲಸಗಳನ್ನು ಹೇಳುತ್ತೇವೆ.

ತೋಟದವರಿಂದ ಕೇಳಬೇಕಾದುದು ನಾಲ್ಕು. ಒಂದು, ಮಳೆ ಪುಸ್ತಕದ ಅಂದಿನ ಅಳತೆ ಮತ್ತು ಮೂರು ದಿನದ ಮೊತ್ತವನ್ನು ಬೆಳಗಿನ ಹಾಜರಿಯಲ್ಲಿ ಮೇಸ್ತ್ರಿ ಎಲ್ಲರಿಗೂ ಅರ್ಥವಾಗುವ ಭಾಷೆಯಲ್ಲಿ ಓದಬೇಕು. ಎರಡು, ಪ್ರತಿ ಪಾಡಿ ಹಳ್ಳದಿಂದ ಎಷ್ಟು ದೂರ, ಇಳಿಜಾರು ಎಷ್ಟು ಎಂದು ಜಿಲ್ಲೆಯ ಭೂವಿಜ್ಞಾನಿಗಳನ್ನು ಕರೆಸಿ ನೋಡಿಸಬೇಕು. ಅಪಾಯದ ಪಾಡಿಗಳನ್ನು ಬೇರೆ ಜಾಗಕ್ಕೆ ತರಬೇಕು. ಮೂರು, ಎಚ್ಚರಿಕೆ ಬಂದು ಮನೆ ಬಿಟ್ಟ ದಿನಗಳಿಗೆ ಪೂರ್ತಿ ಕೂಲಿ ಕೊಡಬೇಕು. ನಾಲ್ಕು, ಫ್ಯಾಕ್ಟರಿಯ ಸೈರನ್ ಕೆಲಸಕ್ಕೆ ಕರೆಯುವಂತೆಯೇ ಅಪಾಯದ ರಾತ್ರಿ ಜೀವ ಉಳಿಸಲೂ ಕೂಗಬೇಕು.

ನಾವೇ ಮಾಡಬಹುದಾದುದೂ ಉಂಟು. ತಳ ಚಪ್ಪಟೆಯಾಗಿ, ಬದಿ ನೇರವಾಗಿರುವ ಒಂದು ಡಬ್ಬಿಯನ್ನು ಮರದ ನೆರಳಿಲ್ಲದ ಬಯಲಿನಲ್ಲಿ ಅಲುಗದ ಹಾಗೆ ಇಡಿರಿ. ದಿನಾ ಬೆಳಿಗ್ಗೆ ಎಂಟೂವರೆಗೆ ಮಕ್ಕಳ ಶಾಲೆಯ ಸ್ಕೇಲಿನಿಂದ ನೀರಿನ ಎತ್ತರ ಅಳೆದು, ಬರೆದು, ಡಬ್ಬಿ ಖಾಲಿ ಮಾಡಿರಿ. ಒಂದು ಸೆಂಟಿಮೀಟರ್ ಎಂದರೆ ಹತ್ತು ಮಿಲಿಮೀಟರ್. ಒಂದು ಇಂಚು ಎಂದರೆ ಇಪ್ಪತ್ತೈದು ಚಿಲ್ಲರೆ. ಏಳನೆಯ ತರಗತಿಯ ಹುಡುಗಿ ಇದನ್ನು ಮಾಡಬಲ್ಲಳು. ಸರಕಾರದ ಅಳತೆಯಷ್ಟು ಕರಾರುವಾಕ್ಕಾಗದಿದ್ದರೂ ನಿನ್ನೆಗಿಂತ ಇಂದು ಎಷ್ಟು ಎಂಬುದು ತಿಳಿಯುತ್ತದೆ. ಅಳತೆ ಕಡಿಮೆ ಇದ್ದರೂ ಕಣ್ಣು ಮುಚ್ಚಬೇಡಿರಿ. ಹಳ್ಳದ ನೀರು ಒಮ್ಮೆಗೇ ಕೆಂಪಾದರೆ, ಮಳೆ ಸುರಿಯುತ್ತಿದ್ದಾಗಲೇ ಹಳ್ಳ ಇದ್ದಕ್ಕಿದ್ದಂತೆ ಇಳಿದರೆ, ನೆಲದಲ್ಲಿ ಹೊಸ ಬಿರುಕು ಕಂಡರೆ, ಮರಗಳು ಓರೆಯಾದರೆ, ಮೇಲಿನಿಂದ ಗುಡುಗಿನಂಥ ಸದ್ದು ಬಂದರೆ, ಯಾರ ಅಪ್ಪಣೆಗೂ ಕಾಯಬೇಡಿರಿ. ಹಳ್ಳದ ದಾರಿ ಬಿಟ್ಟು ಪಕ್ಕದ ಎತ್ತರಕ್ಕೆ ಹೋಗಿರಿ.

ಪ್ರತಿ ಪಾಡಿಯಲ್ಲಿ ಮೂವರು, ಅವರಲ್ಲಿ ಒಬ್ಬರಾದರೂ ಹೆಂಗಸು, ರಾತ್ರಿ ಕಾವಲಿಗೆ ನಿಲ್ಲಲಿ. ನಡೆಯಲಾರದವರು, ಬಸುರಿ ಬಾಣಂತಿಯರು ಎಷ್ಟು ಮಂದಿ, ಅವರನ್ನು ಹೊರುವವರು ಯಾರು ಎಂದು ಮೊದಲೇ ಬರೆದಿಡಲಿ. ಮಲಯಾಳವೂ ತಮಿಳೂ ಕನ್ನಡವೂ ತಿಳಿಯದ ಜಾರ್ಖಂಡ್, ಅಸ್ಸಾಮ್ ಕಡೆಯ ಹುಡುಗರು ಈಗ ನಮ್ಮ ನೆರೆಮನೆಯಲ್ಲಿದ್ದಾರೆ. ಅವರ ಬಾಗಿಲನ್ನು ಮೊದಲು ತಟ್ಟಬೇಕು, ಯಾಕೆಂದರೆ ಅವರಿಗೆ ಹೇಳುವವರು ಬೇರೆ ಯಾರೂ ಇಲ್ಲ. ರೇಷನ್ ಕಾರ್ಡು, ಆಧಾರ್, ಪಿ.ಎಫ್. ಕಾಗದ ಒಂದು ಪ್ಲಾಸ್ಟಿಕ್ ಚೀಲದಲ್ಲಿ ಬಾಗಿಲ ಬಳಿ ಇರಲಿ. ಹಸುವಿನ ಹಗ್ಗ ಬಿಚ್ಚಿಬಿಡಿರಿ. ಅದು ತನ್ನ ದಾರಿ ನೋಡಿಕೊಳ್ಳುತ್ತದೆ.

ಕೊನೆಗೆ ನಮ್ಮ ದೇವಾಲಯಗಳ ಮಾತು. ನಮ್ಮ ಹೆಚ್ಚಿನ ದೇವಾಲಯಗಳು ಗುಡ್ಡದ ಮೇಲಿವೆ, ಗಟ್ಟಿ ಕಟ್ಟಡಗಳು. ಆದರೆ ಬೀಗದ ಕೈ ಒಬ್ಬರ ಬಳಿ ಮಾತ್ರ ಇರುತ್ತದೆ. ಜೂನ್ ಒಂದರಿಂದ ನಮ್ಮ ಪ್ರಾರ್ಥನಾಲಯದ ಬೀಗದ ಕೈಯ ಇನ್ನೊಂದು ಪ್ರತಿಯನ್ನು ಪಾಡಿಯ ಕಾವಲಿನವರಿಗೆ ಕೊಡಲು ಗುರುಗಳ ಒಪ್ಪಿಗೆ ಪಡೆದಿದ್ದೇವೆ. ಯಾವ ಮತದವರೇ ಬರಲಿ, ಬೆಂಚುಗಳನ್ನು ಸರಿಸಿ ಚಾಪೆ ಹಾಸುವುದು. ಬೇರೆ ಸಭೆಗಳವರೂ ಹೀಗೆ ಮಾಡಬೇಕೆಂದು ಬೇಡುತ್ತೇವೆ.

ಅಂದು ಬಾಗಿಲಲ್ಲಿ ಪ್ರಶ್ನೆ ಕೇಳಿದ ಆ ತಾಯಿ ಈಗ ನಿವೃತ್ತರಾಗಿ ಮಗಳ ಮನೆಯಲ್ಲಿದ್ದಾರೆ. ಅವರ ಮೊಮ್ಮಗಳು ಕಳೆದ ಮಳೆಗಾಲದಿಂದ ಡಬ್ಬಿಯಲ್ಲಿ ಮಳೆ ಅಳೆದು ಹಳೆಯ ನೋಟ್‌ಬುಕ್ಕಿನಲ್ಲಿ ಬರೆಯುತ್ತಿದ್ದಾಳೆ. ಒಂದು ದಿನವನ್ನೂ ಬಿಟ್ಟಿಲ್ಲ. ತೋಟದ ಮಳೆ ಪುಸ್ತಕ ನಮ್ಮ ಕೈಗೆ ಬರುವ ತನಕ ಆ ಪುಸ್ತಕ ನಮ್ಮದು. ಪ್ರತಿ ಪಾಡಿಯಲ್ಲೂ ಅಂಥದೊಂದು ಇರಲಿ. ಬರುವ ಸಂಘದ ಸಭೆಗೆ ಅದನ್ನು ಕೈಯಲ್ಲಿ ಹಿಡಿದು ಬನ್ನಿರಿ.

ದೇವರು ನಿಮ್ಮನ್ನೂ ನಿಮ್ಮ ಮಕ್ಕಳನ್ನೂ ಕಾಯಲಿ. ಕಾಯುವ ಕೆಲಸದಲ್ಲಿ ನಮ್ಮ ಕೈಗಳನ್ನೂ ಬಳಸಿಕೊಳ್ಳಲಿ.